ಖುದ್ದಾಗಿ ಕಂಡೆನು

ನನ್ನ ತಂಗಿಯ ಮೊಮ್ಮಗಳು ಪೊಲೀಸ್ ಇಲಾಖೆಗೆ ಸೇರಿದ್ದಾಳೆ. ತರಬೇತಿಗೆ ಹೊರಡುವ ಮುಂಚೆ ಆಶೀರ್ವಾದಕ್ಕೆ ಬಂದವಳು, "ತಾತ, ನಿಮ್ ಸರ್ವೀಸ್‌ನಲ್ಲಿ ಏನೇನ್ ನೋಡಿದ್ರೋ ಬರ್ದಿಡಿ, ನಮಗೆ ಬೇಕಾಗುತ್ತೆ" ಎಂದಳು. ನನಗೆ ನಗು ಬಂತು. ಕಳ್ಳರನ್ನು ಅಟ್ಟಿಸಿಕೊಂಡು ಹೋದವನಲ್ಲ ನಾನು, ಲಾಠಿ ಬೀಸಿದವನೂ ಅಲ್ಲ. ಬೇರೆಯವರ ಮನೆ ಬಾಗಿಲಲ್ಲಿ ನಿಂತು ಒಳಗೆ ಇಣುಕುವುದೇ ನನ್ನ ಸರ್ವೀಸಿನ ಬಹುಪಾಲು ಕೆಲಸವಾಗಿತ್ತು. ಬಡ್ತಿಯ ಕಥೆ ಬರೆಯುವುದಿಲ್ಲ. ದಫೇದಾರನಾಗಿದ್ದೆ, ದಫೇದಾರನಾಗಿಯೇ ನಿವೃತ್ತನಾದೆ. ಅದು ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ.

ಎಪ್ಪತ್ತರ ದಶಕದಲ್ಲಿ ನನ್ನನ್ನು ತುಮಕೂರಿನಲ್ಲಿ ವಿದೇಶಿಯರ ಮೇಲೆ ಕಣ್ಣಿಡುವ ಕೆಲಸಕ್ಕೆ ಹಾಕಿದರು. ತುಮಕೂರಿನಲ್ಲಿ ಎಲ್ಲಿಯ ವಿದೇಶಿಯರು ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿದ್ದೆ. ಬರ್ಮಾ ಬಿಟ್ಟು ಬಂದವರಿದ್ದರು. ದೇಶ ಎರಡಾದಾಗ ಅಣ್ಣ ಆ ಕಡೆ, ತಮ್ಮ ಈ ಕಡೆ ಆದ ಸಂಸಾರಗಳಿದ್ದವು. ಸಂಬಂಧ ತಪ್ಪಿಹೋಗಬಾರದೆಂದು ಕರಾಚಿಯಿಂದ ಹೆಣ್ಣು ತಂದುಕೊಂಡವರಿದ್ದರು. ಆ ಹೆಣ್ಣುಮಕ್ಕಳು ಇಲ್ಲಿ ಸೊಸೆಯಾದರೂ ಕಾಗದದಲ್ಲಿ ಪರದೇಶಿಗಳೇ. ಇಲ್ಲಿರಲು ವರ್ಷಕ್ಕೊಮ್ಮೆ ಪರ್ಮಿಟ್ ಬರೆಸಿಕೊಳ್ಳಬೇಕು. ಊರು ಬಿಟ್ಟು ಹೊರಗೆ ಹೋಗುವುದಾದರೆ ಮೊದಲೇ ಅಪ್ಪಣೆ ಪಡೆಯಬೇಕು. ಅಪ್ಪಣೆಯಿಲ್ಲದೆ ಹೋದದ್ದು ಗೊತ್ತಾದರೆ ಪರ್ಮಿಟ್ ಮುಂದುವರಿಯುತ್ತಿರಲಿಲ್ಲ, ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತಿದ್ದರು. ಅವರು ಮನೆಯಲ್ಲೇ ಇದ್ದಾರೆಯೇ ಎಂದು ತಿಂಗಳಿಗೊಮ್ಮೆ ಹೋಗಿ ನೋಡಿ, ಪುಸ್ತಕದಲ್ಲಿ "ಖುದ್ದಾಗಿ ಕಂಡೆನು" ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ.

ನನಗೆ ಕೆಲಸ ಕಲಿಸಿದ ಇನ್ಸ್‌ಪೆಕ್ಟರ್ ಸಾಹೇಬರು ಬಲು ಅನುಮಾನದ ಮನುಷ್ಯ. ಕಾಫಿ ಕೊಟ್ಟವನನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿಯೇ ಲೋಟ ತುಟಿಗಿಡುತ್ತಿದ್ದರು. "ಮನೆಯೋರನ್ನ ಕೇಳ್ಬೇಡ್ರೀ, ಹಾಲು ಹಾಕೋಳನ್ನ ಕೇಳಿ. ಮೂರು ಜನ ಒಂದೇ ಮಾತು ಒಂದೇ ಥರ ಹೇಳಿದ್ರೆ ಅಲ್ಲೇನೋ ಇದೆ ಅಂತ ತಿಳ್ಕೊಳ್ಳಿ" ಎನ್ನುತ್ತಿದ್ದರು. ನಾನು ಬರೀ "ಖುದ್ದಾಗಿ ಕಂಡೆನು" ಎಂದು ಬರೆದರೆ ಪುಸ್ತಕ ಎಸೆಯುತ್ತಿದ್ದರು. "ಕಂಡ್ರಿ ಸರಿ, ಏನ್ ಮಾಡ್ತಿದ್ರು? ಅದನ್ನ ಬರೀರಿ. ಇಲ್ದಿದ್ರೆ ನೀವು ಹೋಗಿದ್ರಿ ಅಂತ ನಾನು ಹೆಂಗ್ರೀ ನಂಬ್ಲಿ?" ಅಂದಿನಿಂದ "ಬಟ್ಟೆ ಒಣಹಾಕುತ್ತಿದ್ದರು", "ಅಕ್ಕಿ ಆರಿಸುತ್ತಿದ್ದರು" ಎಂದು ವಿವರ ಬರೆಯಲು ಶುರುಮಾಡಿದೆ. ಸಾಹೇಬರಿಗೆ ಸಮಾಧಾನವಾಯಿತು.

ಅನುಮಾನ ಅಂಟುರೋಗ. ಬೇಗ ನನಗೂ ಹತ್ತಿತು. ಕುಣಿಗಲ್‌ನಲ್ಲಿ ರಂಗೂನಿನಿಂದ ಬಂದ ಒಬ್ಬ ಮುದುಕರಿದ್ದರು. ದಿನಾ ಸಂಜೆ ಬಾಗಿಲು ಹಾಕಿಕೊಂಡು ರೇಡಿಯೋದಲ್ಲಿ ಯಾವುದೋ ಅರ್ಥವಾಗದ ಭಾಷೆ ಕೇಳುತ್ತಾರೆ, ಕೇಳುತ್ತಾ ಏನೋ ಬರೆದುಕೊಳ್ಳುತ್ತಾರೆ ಎಂದು ಸುದ್ದಿ ಬಂತು. ನಾನು ನಾಲ್ಕು ಸಂಜೆ ಕಿಟಕಿಯ ಕೆಳಗೆ ಸೊಳ್ಳೆ ಕಚ್ಚಿಸಿಕೊಂಡು ಕೂತೆ. ಐದನೆಯ ದಿನ ಒಳಗೆ ನುಗ್ಗಿ ಆ ಪುಸ್ತಕ ಕಿತ್ತುಕೊಂಡೆ. ಅದರಲ್ಲಿದ್ದದ್ದು ರಂಗೂನಿನ ಮಳೆ, ಬಿಸಿಲಿನ ವರದಿ. ಬಿಟ್ಟುಬಂದ ಊರಲ್ಲಿ ಇವತ್ತು ಮಳೆ ಬಂತೋ ಇಲ್ಲವೋ ಎಂದು ಆ ಮನುಷ್ಯ ಬರೆದುಕೊಳ್ಳುತ್ತಿದ್ದರು ಅಷ್ಟೇ. ಪುಸ್ತಕ ವಾಪಸ್ ಕೊಟ್ಟು ತಲೆ ತಗ್ಗಿಸಿಕೊಂಡು ಬಸ್ ಹತ್ತಿದೆ. ಆದರೂ ಬುದ್ಧಿ ಬರಲಿಲ್ಲ. ಬಂದಿದ್ದರೆ ನಫೀಸಾ ಅವರ ಫೈಲಿನಲ್ಲಿ ಹಾಗೆ ಆಗುತ್ತಿರಲಿಲ್ಲ.

ನಫೀಸಾ ಕರಾಚಿಯಲ್ಲಿ ಹುಟ್ಟಿದವರು. ಸೋದರ ಸಂಬಂಧದಲ್ಲೇ ರಹಮತ್ ಎಂಬಾತನನ್ನು ಮದುವೆಯಾಗಿ ಬಂದರು. ರಹಮತ್ ಮೂಲ ಕುಣಿಗಲ್‌ನವನು, ತುಮಕೂರಿನಲ್ಲಿ ಹಾಸಿಗೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದ. ಮನೆ ಶೆಟ್ಟಿಹಳ್ಳಿಯಲ್ಲಿ. ಆಗ ಶೆಟ್ಟಿಹಳ್ಳಿ ಅರ್ಧ ಹಳ್ಳಿ, ಅರ್ಧ ಪೇಟೆ. ಇವರ ಮನೆಗೆ ಒತ್ತಿಕೊಂಡೇ ಹಸು ಕಟ್ಟಿಕೊಂಡಿದ್ದ ಗೌರಮ್ಮನ ಮನೆ, ಅದರಾಚೆ ತೆಂಗಿನ ತೋಟ. ನಿಯಮದಂತೆ ವರ್ಷಗಳು ತುಂಬಿದ ಮೇಲೆ, ಎಂಬತ್ತರ ದಶಕದ ಶುರುವಿನಲ್ಲಿ, ನಫೀಸಾ ಇಲ್ಲಿಯ ಪೌರತ್ವಕ್ಕೆ ಅರ್ಜಿ ಹಾಕಿದರು. ಆ ಹೊತ್ತಿಗೆ ಅವರಿಗೆ ಮೂರು ವರ್ಷದ ಒಂದು ಹೆಣ್ಣುಮಗು. ಮಗು ಇಲ್ಲೇ ಹುಟ್ಟಿದ್ದು, ಹಾಗಾಗಿ ಇಲ್ಲಿಯದೇ. ತಾಯಿ ಮಾತ್ರ ಇನ್ನೂ ಅಲ್ಲಿಯವರು. ಅರ್ಜಿ ಬಿದ್ದುಹೋದರೆ ತಾಯಿ ಒಂದು ದೇಶ, ಮಗು ಒಂದು ದೇಶ.

ಅರ್ಜಿ ಜಿಲ್ಲಾ ಕಚೇರಿಗೆ ಹೋಯಿತು, ಅಲ್ಲಿಂದ ಒಂದು ಪ್ರಶ್ನೆ ಅಂಟಿಸಿಕೊಂಡು ನನ್ನ ಮೇಜಿಗೆ ವಾಪಸ್ ಬಂತು. ಅಲ್ಲಿಯ ಸಾಹೇಬರು ನಮ್ಮ ತಿಂಗಳ ಪುಸ್ತಕವನ್ನು ತರಿಸಿಕೊಂಡು ಸಾಲು ಸಾಲಾಗಿ ಓದಿದ್ದರು. ಅವರು ಬರೆದದ್ದು ಇಷ್ಟು: ಮಗು ಹುಟ್ಟುವ ಮುಂಚಿನ ತಿಂಗಳುಗಳಲ್ಲಿ ಅರ್ಜಿದಾರರನ್ನು ಪ್ರತಿ ತಿಂಗಳೂ ಖುದ್ದಾಗಿ ಕಂಡ ಬಗ್ಗೆ ನಮೂದಿದೆ. ಆದರೆ ಅವರು ಗರ್ಭಿಣಿ ಎಂದು ಎಲ್ಲೂ ಇಲ್ಲ. ಮಗುವಿನ ಜನನ ಪತ್ರವನ್ನೂ ಲಗತ್ತಿಸಿಲ್ಲ. ಹಾಗಾದರೆ ಈ ಮಗು ಯಾರದು? ವಿಚಾರಿಸಿ ವರದಿ ಕೊಡುವುದು.

ನಾನು ಪುಸ್ತಕ ತೆಗೆದು ನೋಡಿದೆ. ನನ್ನದೇ ಅಕ್ಷರ. ಅಕ್ಕಿ ಆರಿಸುತ್ತಿದ್ದರು. ಬಟ್ಟೆ ಒಣಹಾಕುತ್ತಿದ್ದರು. ನೀರು ಸೇದುತ್ತಿದ್ದರು. ಬಾಗಿಲ ಬಳಿ ನಿಂತಿದ್ದರು. ಹೊಟ್ಟೆಯ ಮಾತೇ ಇಲ್ಲ. ನನಗೆ ಮೈಯೆಲ್ಲ ಚುರುಕಾಯಿತು. ದಫೇದಾರನ ಕಣ್ಣಿಗೆ ಎಂಟು ತಿಂಗಳ ಬಸುರಿ ಕಾಣದೆ ಇರುತ್ತಾಳೆಯೇ? ಅರ್ಜಿಗೆ ಬಲ ಬರಲಿ ಎಂದು ಯಾರದೋ ಮಗುವನ್ನು ತಂದಿಟ್ಟುಕೊಂಡಿದ್ದಾರೆ ಎಂದು ನನ್ನಷ್ಟಕ್ಕೆ ತೀರ್ಮಾನವನ್ನೇ ಮಾಡಿಬಿಟ್ಟೆ. ನಗಬೇಡಿ. ಮೂರು ವರ್ಷ ಹಳೆಯದಾದ ಪುಸ್ತಕದಲ್ಲಿ ತನ್ನ ಸಹಿ ಕಂಡರೆ ಮನುಷ್ಯ ಅದನ್ನು ನಂಬಿಯೇ ನಂಬುತ್ತಾನೆ.

ಮೊದಲು ಪುರಸಭೆಗೆ ಹೋಗಿ ಹುಟ್ಟಿದವರ ಪುಸ್ತಕ ನೋಡಿದೆ. ತುಮಕೂರಿನಲ್ಲಿ ಆ ಹೆಸರಿನ ತಾಯಿಗೆ ಮಗು ಹುಟ್ಟಿರಲಿಲ್ಲ. ಅನುಮಾನ ಗಟ್ಟಿಯಾಯಿತು. ಆಮೇಲೆ ಗೌರಮ್ಮನ ಕೊಟ್ಟಿಗೆಗೆ ಹೋದೆ.

"ಪಕ್ಕದ್ಮನೆ ಮಗು ಎಲ್ಲಿ ಹುಟ್ಟಿದ್ದು ಗೌರಮ್ಮ?"

"ಇಲ್ಲೇ ಸ್ವಾಮಿ. ಅವ್ರು ಎಲ್ಲೂ ಹೋಗಿಲ್ಲ, ಇಲ್ಲೇ ಹೆತ್ತಿದ್ದು" ಎಂದು ಹಸುವಿನ ಕಡೆಗೇ ಮುಖ ಮಾಡಿಕೊಂಡು ಹೇಳಿದಳು.

"ಸೂಲಗಿತ್ತಿ ಯಾರು?"

"ಅದೆಲ್ಲಾ ಯಾರ್ಗ್ ಗೆಪ್ತಿ ಇರ್ತದೆ ಬುಡಿ ಸ್ವಾಮಿ."

ಗೋಡೆಯಾಚೆ ಹೆರಿಗೆಯಾದರೆ ಸೂಲಗಿತ್ತಿ ಯಾರೆಂದು ಗೌರಮ್ಮನಂಥವಳಿಗೆ ನೆನಪಿಲ್ಲವೇ? ಎದುರು ಮನೆಯವರನ್ನು ಕೇಳಿದೆ. "ಅವ್ರು ಎಲ್ಲೂ ಹೋಗಿಲ್ಲ, ಇಲ್ಲೇ ಹೆತ್ತಿದ್ದು." ರೇಷನ್ ಅಂಗಡಿಯವನೂ ಅದೇ ಮಾತು, ಅದೇ ಥರ. ಹಳೆಯ ಇನ್ಸ್‌ಪೆಕ್ಟರರ ಪಾಠ ನೆನಪಾಯಿತು. ರಹಮತ್‌ನ ಅಂಗಡಿಗೆ ಹೋಗಿ ಜನನ ಪತ್ರ ಕೇಳಿದೆ. ದಬ್ಬಳ ಕೈಯಲ್ಲಿ ಹಿಡಿದವನು ಬೆವತುಹೋದ.

"ಎಲ್ಲೋ ಕಳ್ದೋಗಿದೆ ಸಾರ್. ಹುಡ್ಕಿ ತಂದ್ಕೊಡ್ತೀನಿ."

"ಮಗು ನಿನ್ನದೇ ತಾನೇನಯ್ಯಾ?"

ಅವನು ನನ್ನ ಮುಖ ನೋಡಿದ ರೀತಿ ಈಗಲೂ ನೆನಪಿದೆ. ಅದು ತಪ್ಪಿತಸ್ಥನ ನೋಟ ಎಂದು ನಾನು ಅಂದುಕೊಂಡೆ. ಅವನು ಮತ್ತೆ ಹತ್ತಿ ತುಂಬಲು ಕೂತ.

ಮಾರನೆಯ ದಿನ ಮಫ್ತಿಯಲ್ಲಿ ಕುಣಿಗಲ್‌ಗೆ ಹೋದೆ. ತುಮಕೂರಿನವರಿಗೆ ಪಾಠ ಹೇಳಿಕೊಟ್ಟಿದ್ದರೂ ಅಷ್ಟು ದೂರದವರಿಗೆ ಹೇಳಿಕೊಟ್ಟಿರಲಾರರು ಎಂಬುದು ನನ್ನ ಎಣಿಕೆ. ರಹಮತ್‌ನ ತಾಯಿ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಕ್ಕಳಿಗೆ ಸೂಜಿ ಚುಚ್ಚಿಸಿದ ಲೆಕ್ಕ ತೆಗೆದುಕೊಳ್ಳುವವನಂತೆ ಮಾತು ತೆಗೆದೆ.

"ಮೊಮ್ಮಗಳು ಶೆಟ್ಟಿಹಳ್ಳಿ ಮನೇಲೇ ಹುಟ್ಟಿದ್ದಾ ಅಮ್ಮ?"

ಆ ಮುದುಕಿಗೆ ಕೋಪ ಬಂತು. "ಏನ್ ಮಾತು ಅಂತ ಆಡ್ತೀರಾ ಸ್ವಾಮಿ? ಚೊಚ್ಚಲ ಹೆರಿಗೆ ಗಂಡನ ಮನೇಲಿ ಮಾಡಿಸ್ತಾರಾ ಯಾರಾದ್ರೂ? ನಾವೇನ್ ಅಷ್ಟು ಗತಿಗೆಟ್ಟೋರಾ? ಏಳ್ನೇ ತಿಂಗ್ಳಿಗೇ ತವರಿಗೆ ಕಳ್ಸಿದ್ವಿ."

"ತವರು ಎಲ್ಲಮ್ಮ?"

"ತಾಯಿ ಕರಾಚೀಲವ್ಳೆ. ತಾಯಿ ತಂಗಿ ಗುಬ್ಬೀಲಿ ಇಲ್ವಾ? ಆಕೇನೇ ಬಂದು ಬಳೆ ತೊಡ್ಸಿ ಕರ್ಕೊಂಡೋದ್ಳು. ಬಾಣಂತನ ಮುಗ್ಸಿ ಮೂರು ತಿಂಗ್ಳ ಮಗೀನ ಕಳಿಸ್ಕೊಟ್ಳು."

ಏಳನೆಯ ತಿಂಗಳಿಂದ ಮಗುವಿಗೆ ಮೂರು ತಿಂಗಳಾಗುವವರೆಗೆ, ಎಂದರೆ ಹತ್ತಿರ ಹತ್ತಿರ ಆರು ತಿಂಗಳು ಗುಬ್ಬಿಯಲ್ಲಿ. ನಾನು ಲೆಕ್ಕ ಹಾಕುತ್ತಾ ಬಸ್ ಹತ್ತಿದೆ. ಆಗಲೂ ನನ್ನ ಮೇಲೆ ನನಗೆ ಅನುಮಾನ ಬರಲಿಲ್ಲ. ಮುದುಕಿಯೇ ಸುಳ್ಳು ಹೇಳುತ್ತಿದ್ದಾಳೆ, ಇದು ಎರಡನೆಯ ಪಾಠ ಇರಬೇಕು ಎಂದುಕೊಂಡೆ.

ಗುಬ್ಬಿಯ ಹುಟ್ಟಿದವರ ಪುಸ್ತಕದಲ್ಲಿ ಎಲ್ಲವೂ ಇತ್ತು. ತಾಯಿಯ ಹೆಸರು ನಫೀಸಾ, ತಂದೆ ರಹಮತ್, ಹೆಣ್ಣುಮಗು. ಹುಟ್ಟಿದ್ದು ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ. ಕೆಳಗೆ ದಾದಿಯ ಸಹಿ. ಅಲ್ಲಿಂದ ನಫೀಸಾ ಅವರ ಚಿಕ್ಕಮ್ಮನ ಮನೆಗೆ ಹೋದೆ. ಬಳೆ ಅಂಗಡಿಯ ಹಿಂದೆಯೇ ಮನೆ. ನಾನು ಯಾರೆಂದು ಈ ಸಲ ನೇರವಾಗಿ ಹೇಳಿದೆ.

"ನೀವೇನಾ ಶೆಟ್ಟಿಹಳ್ಳಿಗೆ ಬರೋ ದಫೇದಾರ್ರು?"

"ಹೌದು."

"ಹೆರಿಗೆಗೆ ಹೋಗೋಕೂ ಪೊಲೀಸ್ನೋರ್ನ ಕೇಳ್ಬೇಕು ಅಂತ ನಮಗೇನ್ ಗೊತ್ತು ಸ್ವಾಮಿ? ಊರೂರು ತಿರುಗೋರಿಗೆ ಮಾತ್ರ ಆ ಕಾನೂನು ಅಂದ್ಕೊಂಡಿದ್ವಿ. ಮಗು ಕರ್ಕೊಂಡು ವಾಪಸ್ ಹೋದ್ಮೇಲೆ ಯಾರೋ ಹೇಳಿದ್ರಂತೆ. ತಪ್ಪಾಯ್ತು ಅಂತ ಹೇಳಿ ಕಾಲಿಗೆ ಬೀಳಣ ಅಂತ ನಮ್ಮ ರಹಮತ್ ನಿಮ್ಮ ಆಫೀಸಿಗೆ ಬಂದಿದ್ದ. ಮೇಜಿನ ಮೇಲೆ ನಿಮ್ಮ ಪುಸ್ತಕ ತೆಗ್ದಿತ್ತಂತೆ. ನೋಡಿದ್ರೆ, ಇವ್ಳು ಇಲ್ಲಿ ನೋವು ತಿಂತಿದ್ದ ದಿನ ಅಲ್ಲಿ ಅಕ್ಕಿ ಆರಿಸ್ತಿದ್ಳು ಅಂತ ನೀವು ಬರ್ದಿದ್ರಿ. ಪೊಲೀಸ್ನೋರು ಬರ್ದಿರೋದು ಸುಳ್ಳು ಅಂತ ಹೇಳೋ ಧೈರ್ಯ ಯಾರಿಗಿದೆ? ಬಾಯಿ ಮುಚ್ಕೊಂಡು ಬಂದ. ನೀವು ಬರ್ದಿದ್ದನ್ನೇ ಬೀದಿಯೋರೆಲ್ಲಾ ಹೇಳ್ತಾವ್ರೆ."

ಆಗ ನೆನಪಾಯಿತು. ಆ ಆರು ತಿಂಗಳು ನಾನು ಶೆಟ್ಟಿಹಳ್ಳಿಗೆ ಹೋಗಿರಲೇ ಇಲ್ಲ. ನನ್ನ ಹೆಂಡತಿಯೂ ಆಗ ಮೊದಲ ಬಾಣಂತನಕ್ಕೆಂದು ಬೆಳ್ಳಾವಿಯ ತವರಿನಲ್ಲಿದ್ದಳು. ಸ್ವಲ್ಪ ಬಿಡುವು ಸಿಕ್ಕರೂ ಸೈಕಲ್ ಹತ್ತಿ ಬೆಳ್ಳಾವಿಯ ದಾರಿ ಹಿಡಿಯುತ್ತಿದ್ದೆ. ತಿಂಗಳ ಪುಸ್ತಕವನ್ನು ಕಚೇರಿಯಲ್ಲೇ ಕೂತು ತುಂಬಿಸುತ್ತಿದ್ದೆ. ಹೆಂಗಸರು ಇನ್ನೇನು ಮಾಡಿಯಾರು, ಒಂದು ಸಲ ಅಕ್ಕಿ, ಒಂದು ಸಲ ಬಟ್ಟೆ, ಒಂದು ಸಲ ನೀರು. ಬಸುರಿ ಎಂದು ಬರೆಯಲು ಬಸುರಿಯನ್ನು ಕಂಡಿದ್ದರೆ ತಾನೆ? ಗುಬ್ಬಿಯ ಆ ಜಗಲಿಯ ಮೇಲೆ ಕೂತು ನನಗೆ ನಾಚಿಕೆಯಾಯಿತು. ಹೆದರಿಕೆ ಅದಕ್ಕಿಂತ ಹೆಚ್ಚಾಯಿತು. ಈಕೆಯ ತಪ್ಪು ಬರೆದರೆ ಈಕೆಯನ್ನು ಗಡೀಪಾರು ಮಾಡುತ್ತಾರೆ, ನನ್ನ ತಪ್ಪು ಬರೆದರೆ ನನ್ನ ಕೆಲಸ ಹೋಗುತ್ತದೆ.

ತುಮಕೂರಿಗೆ ಬಂದು ಎರಡನ್ನೂ ಬರೆಯಲಿಲ್ಲ. "ವಿಚಾರಿಸಲಾಗಿ, ಮಗು ಅರ್ಜಿದಾರರದೇ ಎಂದು ಖಚಿತವಾಗಿದೆ" ಎಂದು ಒಂದೇ ಸಾಲು ಬರೆದು ಕೊಟ್ಟೆ. ಎಲ್ಲಿ ಹುಟ್ಟಿತು ಎಂಬುದನ್ನು ಬಿಟ್ಟೆ. ಜಾಣತನ ಮಾಡಿದೆ ಎಂದುಕೊಂಡೆ. ಜಿಲ್ಲಾ ಕಚೇರಿಯ ಸಾಹೇಬರು ನನಗಿಂತ ಜಾಣರು. ವಾರದೊಳಗೆ ಸಂದರ್ಶನಕ್ಕೆ ಕರೆ ಬಂತು. ಅರ್ಜಿದಾರರು ಬರಬೇಕು, ವಿಚಾರಣೆ ಮಾಡಿದ ದಫೇದಾರನೂ ತಿಂಗಳ ಪುಸ್ತಕದೊಂದಿಗೆ ಹಾಜರಿರಬೇಕು.

ಆ ದಿನ ರಹಮತ್ ಮಗುವನ್ನೆತ್ತಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ, ನಮಸ್ಕಾರ ಮಾಡಲಿಲ್ಲ. ನಫೀಸಾ ಒಳಗೆ ಬಂದು ಮುಖದ ಬಟ್ಟೆ ಸರಿಸಿ ಕುರ್ಚಿಯ ತುದಿಯಲ್ಲಿ ಕೂತರು. ನಾನು ಗೋಡೆಗೆ ಒರಗಿ ನಿಂತೆ. ಸಾಹೇಬರು ಮೊದಲು ಹೆಸರು, ತಂದೆಯ ಹೆಸರು ಕೇಳಿದರು.

"ಕನ್ನಡ ಬರುತ್ತಾ?"

"ಬರ್ತದೆ ಸಾರ್. ಪಕ್ಕದ್ಮನೆ ಗೌರಕ್ಕ ಕಲ್ಸಿದ್ದು. ಓದೋದು ಬಸ್ಸಿನ ಬೋರ್ಡ್ ನೋಡಿ ಕಲ್ತೆ, ನಿಧಾನ."

"ಪೌರತ್ವ ಯಾಕಮ್ಮ ಬೇಕು?"

"ಇನ್ನೊಂದ್ ವರ್ಷ ಇರ್ಲಾ, ಇನ್ನೊಂದ್ ವರ್ಷ ಇರ್ಲಾ ಅಂತ ಕೇಳಿ ಕೇಳಿ ಸಾಕಾಗೋಗಿದೆ ಸಾರ್. ಮಗೂನ ಸ್ಕೂಲಿಗೆ ಹಾಕ್ಬೇಕು. ಅದು ಒಂದ್ನೇ ಕ್ಲಾಸಲ್ಲಿ ಕೂತಿರೋವಾಗ ನನ್ನ ಕಳ್ಸಿಬಿಟ್ರೆ ಏನ್ ಮಾಡ್ಲಿ?"

ಸಾಹೇಬರು ಪೆನ್ನು ಕೆಳಗಿಟ್ಟರು. "ಇಲ್ಲಿಗೆ ಬಂದ ಮೇಲೆ ಅಪ್ಪಣೆ ಇಲ್ಲದೆ ಯಾವಾಗ್ಲಾದ್ರೂ ತುಮಕೂರು ಬಿಟ್ಟು ಹೋಗಿದ್ದೀರಾ?"

ಇಲ್ಲ ಎಂದುಬಿಟ್ಟರೆ ಮುಗಿಯಿತು. ಪುಸ್ತಕ ಅವರ ಕಡೆಗಿತ್ತು, ಇಡೀ ಬೀದಿ ಅವರ ಕಡೆಗಿತ್ತು, ನಾನೂ ಬಾಯಿ ಬಿಡುವವನಲ್ಲ. ನಫೀಸಾ ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಬಾಗಿಲಾಚೆ ಮಗುವಿನ ಕಡೆ ನೋಡಿದರು.

"ಹೋಗಿದ್ದೆ ಸಾರ್. ಗುಬ್ಬಿಗೆ, ಹೆರಿಗೆಗೆ. ಆರು ತಿಂಗಳು ಅಲ್ಲೇ ಇದ್ದೆ. ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ. ಗೊತ್ತಾದ್ಮೇಲೆ ಹೇಳಕ್ಕೆ ಭಯ ಆಯ್ತು. ಪೌರತ್ವ ಸಿಕ್ಕಿದ್ರೆ ನಾಳೆ ದಿನ ಇದೇ ಮೇಜಿನ ಮುಂದೆ ಪ್ರಮಾಣ ಮಾಡ್ಬೇಕಂತೆ. ಸುಳ್ಳು ಇಟ್ಕೊಂಡು ಹೆಂಗೆ ಮಾಡ್ಲಿ?"

ಸಾಹೇಬರು ಪುಸ್ತಕ ತಿರುಗಿಸಿ ಆ ಪುಟದ ಮೇಲೆ ಬೆರಳಿಟ್ಟರು. "ಹಾಗಿದ್ರೆ ಇವರು ಕಂಡಿದ್ದು ಯಾರನ್ನ?"

"ನಂಗೊತ್ತಿಲ್ಲ ಸಾರ್. ಅವ್ರು ಬಂದಿರ್ಬೋದು. ನಾನಿರ್ಲಿಲ್ಲ."

ಆ ಹೆಣ್ಣುಮಗಳು ನನ್ನ ಮೇಲೆ ಒಂದೇ ಒಂದು ಮಾತು ಹೇಳಲಿಲ್ಲ. ಸಾಹೇಬರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ಅನುಮಾನವಿತ್ತು, ಆದರೆ ಅದು ನನ್ನ ಮೇಲಲ್ಲ. ಇಲಾಖೆಯವನೆಂದು ನನಗೊಂದು ದಾರಿಯನ್ನೂ ಅವರೇ ತೋರಿಸಿದರು.

"ಏನ್ರೀ ದಫೇದಾರ್ರೇ, ಮನೇಲಿ ಬುರ್ಖಾ ಹಾಕಿದ್ದ ಇನ್ಯಾರನ್ನೋ ನಿಲ್ಲಿಸಿದ್ರು, ನೀವು ಇವರೇ ಅಂದ್ಕೊಂಡು ಬರೆದ್ರಿ. ಹಂಗೇ ತಾನೆ?"

ಹೌದು ಎಂದರೆ ನಾನು ಬಚಾವು. ಪೊಲೀಸರಿಗೆ ಬೇರೆ ಹೆಂಗಸನ್ನು ತೋರಿಸಿ ಮೋಸ ಮಾಡಿದ ಸಂಸಾರ ಎಂದಾಗುತ್ತದೆ. ಆಮೇಲೆ ಆ ಅರ್ಜಿಯನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ, ತಿಂಗಳೊಳಗೆ ಅವರು ಮಗುವನ್ನು ಬಿಟ್ಟು ಗಡಿ ದಾಟಬೇಕು. ಸತ್ಯವಾಗಿ ಹೇಳುತ್ತೇನೆ, 'ಹೌದು ಸಾರ್' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಮಗು ಏನೋ ಕೇಳುತ್ತಿತ್ತು, ರಹಮತ್ ಅದನ್ನು ಸುಮ್ಮನಿರಿಸುತ್ತಿದ್ದ. ನನ್ನ ಮಗನಿಗೂ ಅದೇ ವಯಸ್ಸು.

"ಇಲ್ಲ ಸಾರ್. ನಾನು ಹೋಗೇ ಇರ್ಲಿಲ್ಲ. ಆರು ತಿಂಗ್ಳೂ ಆಫೀಸಲ್ಲೇ ಕೂತು ಬರ್ದೆ."

ಸಾಹೇಬರು ಪುಸ್ತಕ ಮುಚ್ಚಿದರು. "ಎಲ್ಲಿಗೆ ಹೋಗಿದ್ರಿ?"

"ನಮ್ಮನೆಯೋರು ಬಾಣಂತನಕ್ಕೆ ಬೆಳ್ಳಾವಿಗೆ ಹೋಗಿದ್ರು ಸಾರ್. ಅಲ್ಲಿಗೆ."

"ಅವರು ಯಾರ ಅಪ್ಪಣೆ ತಗೊಂಡು ಹೋಗಿದ್ರು?"

ಸಾಹೇಬರು ನನ್ನನ್ನು ಹೊರಗೆ ನಿಲ್ಲಲು ಹೇಳಿದರು.

ನಫೀಸಾ ಅವರ ತಪ್ಪಿಗೆ ಎಚ್ಚರಿಕೆ ಕೊಟ್ಟು, ನಿಯಮವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಯಾರೂ ಓದಿ ಹೇಳಿರಲಿಲ್ಲ ಎಂದು ಬರೆದು, ಸಾಹೇಬರು ಅರ್ಜಿಯನ್ನು ಶಿಫಾರಸಿನೊಂದಿಗೆ ಮೇಲಕ್ಕೆ ಕಳಿಸಿದರು. ಓದಿ ಹೇಳಬೇಕಾಗಿದ್ದವನು ನಾನೇ. ನನ್ನ ಮೇಲೆ ಇಲಾಖೆಯ ವಿಚಾರಣೆ ನಡೆಯಿತು. ಕೆಲಸ ಉಳಿಯಿತು, ಬಡ್ತಿಯ ದಾರಿ ಮುಚ್ಚಿತು. ಆ ಕಥೆ ಅಷ್ಟೇ. ನಮ್ಮ ಶಾಖೆಯಲ್ಲಿ ಅಂದಿನಿಂದ ವಿಧಾನವೂ ಬದಲಾಯಿತು, ದಫೇದಾರನ ಸಹಿಯ ಪಕ್ಕದಲ್ಲಿ ಮನೆಯವರ ಸಹಿಯೂ ಬೇಕೆಂದಾಯಿತು. ನನಗಾದ ಅವಮಾನದಿಂದ ಅಷ್ಟಾದರೂ ಉಪಯೋಗವಾಯಿತು.

ವರ್ಷ ಕಳೆದ ಮೇಲೆ ಆದೇಶ ಬಂತು. ನಫೀಸಾ ಪ್ರಮಾಣವಚನವನ್ನು ಕನ್ನಡದಲ್ಲೇ, ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದರಂತೆ. ನಾನು ಅಲ್ಲಿರಲಿಲ್ಲ. ನನ್ನ ಪಾಲಿಗೆ ಬಂದ ಕೆಲಸವೆಂದರೆ ಪುಸ್ತಕದಲ್ಲಿ ಅವರ ಹೆಸರಿನ ಪುಟಕ್ಕೆ ಅಡ್ಡ ಗೆರೆ ಎಳೆಯುವುದು. ಎಳೆದೆ. ಮಾರನೆಯ ದಿನ, ಯಾರೂ ಹೇಳದಿದ್ದರೂ, ಸೈಕಲ್ ಹತ್ತಿ ಶೆಟ್ಟಿಹಳ್ಳಿಗೆ ಹೋದೆ.

ನನ್ನನ್ನು ಕಂಡು ನಫೀಸಾ ಅವರ ಮುಖ ಬಿಳಿಚಿಕೊಂಡಿತು. ಬಾಗಿಲಿಗೆ ಅಡ್ಡವಾಗಿ ನಿಂತು ಮಗುವನ್ನು ಹಿಂದಕ್ಕೆ ಸರಿಸಿಕೊಂಡರು.

"ಇನ್ನೂ ವಿಚಾರಣೆ ಇದೆಯಾ ದಫೇದಾರ್ರೇ?"

"ಇಲ್ಲಮ್ಮ. ಸುಮ್ನೆ ಬಂದೆ."

"ಪೊಲೀಸ್ನೋರು ಸುಮ್ನೆ ಬರ್ತಾರಾ?"

ಅವರು ನಂಬಲಿಲ್ಲ. ನಂಬಬೇಕಾದ ಕಾರಣವನ್ನು ನಾನು ಯಾವತ್ತೂ ಕೊಟ್ಟಿರಲಿಲ್ಲ. "ಆರು ತಿಂಗಳು ಬಾಕಿ ಇತ್ತು, ಅದಕ್ಕೆ ಬಂದೆ" ಎಂದೆ. ಗೋಡೆಯಾಚೆಯಿಂದ ಗೌರಮ್ಮ ಇಣುಕಿ, "ಕೂರ್ಸು ಬುಡವ್ವ, ಪಾಪ, ಬಿಸ್ಲಲ್ಲಿ ಬಂದವ್ರೆ" ಎಂದಳು. ನಫೀಸಾ ಇನ್ನೊಂದು ಗಳಿಗೆ ನನ್ನನ್ನು ನೋಡಿ, ಆಮೇಲೆ ಚಾಪೆ ಹಾಸಿದರು. ನನಗೆ ನೀರು ಕೊಟ್ಟು, ಬಿಟ್ಟ ಕೆಲಸಕ್ಕೆ ವಾಪಸ್ ಕೂತರು. ಸ್ಲೇಟಿನ ಮೇಲೆ ಮಗಳ ಕೈ ಹಿಡಿದು ಅ ತಿದ್ದಿಸುತ್ತಿದ್ದರು. ನನ್ನ ಪುಸ್ತಕದಲ್ಲಿ ಒಂದು ಸಲವೂ ಬರೆಯದ ಕೆಲಸ ಅದು. ಆ ದಿನ ಖುದ್ದಾಗಿ ಕಂಡೆ. ಬರೆಯೋಣವೆಂದರೆ ಅವರ ಪುಟಕ್ಕೆ ಹಿಂದಿನ ದಿನವೇ ಗೆರೆ ಎಳೆದುಬಿಟ್ಟಿದ್ದೆ.